ಕರಗುವ ಪದ, ಕೊರಗುವ ಅಜ್ಜಿ

ಬಿಇ ಮುಗಿಸಿ ಎಂ.ಎಸ್. ಮಾಡಲು ಇಟಲಿಗೆ ಹೋಗಬೇಕು ಅನ್ನೋ ಹುಚ್ಚು ನನಗೆ. ಹಾಗಾಗಿ ಹಾಸ್ಟೆಲ್‌ನಲ್ಲಿ ರಾತ್ರಿ ಊಟವಾದ ಮೇಲೆ ಮೊಬೈಲ್‌ನಲ್ಲಿ ಇಟಾಲಿಯನ್ ಕಲಿಯುತ್ತೇನೆ. 'ಮೊದ್ಲು ಬ್ಯಾಕ್‌ಲಾಗ್ ಕ್ಲಿಯರ್ ಮಾಡ್ಕೊಳೋ' ಎಂದು ರೂಮ್‌ಮೇಟ್‌ಗಳು ಕಾಲೆಳೆಯುತ್ತಾರೆ. ಹೀಗೆ ಕಲಿಯುವಾಗ ಸಿಕ್ಕ ಪದ 'ಸ್ತ್ರುಜ್ಜಿಮೆಂತೊ'. ಕೈಗೆ ಸಿಗದ್ದಕ್ಕಾಗಿ, ದೂರವಾದವರಿಗಾಗಿ ಒಳಗೊಳಗೇ ಬೇಯುವ ಹಂಬಲಕ್ಕೆ ಇಟಲಿಯವರು ಹೀಗೆನ್ನುತ್ತಾರೆ.

ಅವರಲ್ಲಿ 'ನೊಸ್ಟಾಲ್ಜಿಯಾ' ಎಂಬ ಪದವೂ ಇದೆ. ಅದನ್ನು 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ ತನ್ನ ಪ್ರಬಂಧಕ್ಕಾಗಿ ಕಟ್ಟಿದ. 'ಮನೆಗೆ ಮರಳುವುದು', 'ನೋವು' ಎಂಬ ಎರಡು ಗ್ರೀಕ್ ಪದ ಸೇರಿಸಿ, ಊರಿನ ನೆನಪಲ್ಲಿ ಸೊರಗುವ ಕಾಯಿಲೆಗೆ ಇಟ್ಟ ಹೆಸರದು. ಸ್ತ್ರುಜ್ಜಿಮೆಂತೊಗೆ ಅಡುಗೆಮನೆಯ ವಾಸನೆಯಿದೆ. 'ಸ್ತ್ರುಜ್ಜೆರೆ' ಅಂದರೆ ಕರಗಿಸು. ಹಂದಿಯ ಕೊಬ್ಬು ಕರಗಿಸಿ ತೆಗೆದ ಜಿಡ್ಡಿಗೆ ಇಂದಿಗೂ 'ಸ್ತ್ರುತ್ತೊ' ಎಂದೇ ಹೆಸರು. ಹಂಬಲದಲ್ಲಿ ಮನುಷ್ಯನೂ ಹಾಗೇ ಕರಗುತ್ತಾನೆ. ನಮ್ಮಲ್ಲೂ ಕರಗು, ಕೊರಗು ಅಕ್ಕಪಕ್ಕದಲ್ಲೇ ಇವೆಯಲ್ಲ!

ಇನ್ನೂ ಹಿಂದಕ್ಕೆ ಹೋದರೆ ಲ್ಯಾಟಿನ್‌ನ 'ದೆಸ್ತ್ರುಎರೆ' ಸಿಗುತ್ತದೆ. ಅಂದರೆ ಕಟ್ಟಿದ್ದನ್ನು ಕೆಡವು. ಅದರೊಳಗಿನ 'ಸ್ತ್ರುಎರೆ'ಗೆ ಪೇರಿಸು, ಕಟ್ಟು ಎಂಬ ಅರ್ಥ. ಸಿವಿಲ್ ವಿದ್ಯಾರ್ಥಿಯಾದ ನಾನು ದಿನವೂ ಜಪಿಸುವ 'ಸ್ಟ್ರಕ್ಚರ್', 'ಕನ್‌ಸ್ಟ್ರಕ್ಷನ್' ಹುಟ್ಟಿದ್ದೂ ಇಲ್ಲಿಂದಲೇ. ಕಟ್ಟುವುದರಿಂದ ಕೆಡವುವುದು, ಕೆಡವುವುದರಿಂದ ಕರಗುವುದು, ಕರಗುವುದರಿಂದ ಹಂಬಲ!

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಳೆದ ವರ್ಷ ಊರಲ್ಲಿ ನಮ್ಮ ಹೆಂಚಿನ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸಿದೆವು. ಪ್ಲ್ಯಾನ್ ನನ್ನದೇ. 'ಮಗನೇ ಬರೆದಿದ್ದು' ಅಂತ ಅಪ್ಪ ಬಂದವರಿಗೆಲ್ಲ ತೋರಿಸಿದ್ದರು. ಹಳೇ ಮನೆಯ ಜಗಲಿ ಸುಮ್ಮನೆ ಜಾಗ ತಿನ್ನುತ್ತೆ ಎಂದು ಅದನ್ನು ಹಾಲ್‌ಗೆ ಸೇರಿಸಿಬಿಟ್ಟಿದ್ದೆ. ಗೃಹಪ್ರವೇಶವಾದಾಗಿನಿಂದ ಅಜ್ಜಿ ಸಂಜೆಯಾದರೆ ಹಿತ್ತಲಲ್ಲಿ ಪೇರಿಸಿಟ್ಟ ಹಳೇ ಹೆಂಚಿನ ಪಕ್ಕ ಹೋಗಿ ಕೂರುತ್ತಾಳೆ. 'ಸೊಳ್ಳೆ ಕಚ್ಚುತ್ತೆ, ಒಳಗೆ ಬಾ ಅಜ್ಜಿ' ಎಂದು ಒಮ್ಮೆ ರೇಗಿದ್ದೆ. 'ನಿನ್ ತಾತ ಹೊದಿಸಿದ್ದು ಕಣೋ ಇವು' ಎಂದಳಷ್ಟೇ. ಇಷ್ಟು ಚೆಂದದ ಮನೆಯಲ್ಲಿ ಇವಳಿಗೆ ಏನು ಕಡಿಮೆ ಎಂದು ನನಗೆ ಸಿಟ್ಟು ಬಂದಿತ್ತು. ಏನು ಕಡಿಮೆ ಎಂದು ಈಗ ಗೊತ್ತಾಯಿತು.

ಬೆಳಿಗ್ಗೆ ಫೋನ್ ಮಾಡಿದೆ. 'ಅಜ್ಜಿ, ರಜೆಗೆ ಬಂದಾಗ ಆ ಹೆಂಚು ಹೊದಿಸಿ ಮನೆ ಮುಂದೆ ಒಂದು ಜಗಲಿ ಮಾಡೋಣ.'

'ಜಗಲಿ ಇರ್ಲಿ ಮಗ, ಮೊದ್ಲು ನೀನು ಬಾ' ಎಂದಳು.

ಇಟಲಿ ವಿಷಯ ಅವಳಿಗಿನ್ನೂ ಹೇಳಿಲ್ಲ.