ತಿಮಿಂಗಿಲವನ್ನು ಉಣ್ಣುವುದು

ತಿಮಿಂಗಿಲ ಎಂಬ ಪದವನ್ನು ತರಗತಿಯಲ್ಲಿ ಬಿಡಿಸಿ ಹೇಳುವಾಗಲೆಲ್ಲ ನನಗೊಂದು ಕುತೂಹಲ. ತಿಮಿಯೆಂಬ ಮಹಾಮತ್ಸ್ಯವನ್ನು ನುಂಗುವುದು ತಿಮಿಂಗಿಲ. ಅದನ್ನೂ ನುಂಗುವುದು ತಿಮಿಂಗಿಲಗಿಲವೆಂದು ಸಂಸ್ಕೃತ ನಿಘಂಟುಗಳು ಹೇಳುತ್ತವೆ. ಈ ಕಡೆಯದು ಕವಿಕಲ್ಪಿತ ಜೀವಿ. ಆದರೂ ಸೃಷ್ಟಿಯು ಅದರ ಸ್ಥಾನವನ್ನು ಬರಿದಾಗಿ ಬಿಟ್ಟಿಲ್ಲ.

ಸಾವಿರ ಮೀಟರಿಗೂ ಆಳಕ್ಕಿಳಿದು ಸ್ಕ್ವಿಡ್‌ಗಳನ್ನು ಬೇಟೆಯಾಡುವ ಗಂಡು ಸ್ಪರ್ಮ್ ತಿಮಿಂಗಿಲದ ಉದ್ದ ಸುಮಾರು 16 ಮೀಟರು. ಅದರ ಕರುಳಿನಲ್ಲಿ ನೆಲಸುವ ಒಂದು ಜಾತಿಯ ಲಾಡಿಹುಳು 30 ಮೀಟರಿನಷ್ಟು ಬೆಳೆಯಬಲ್ಲದು! ಅದಕ್ಕೆ ಬಾಯಿಯಿಲ್ಲ, ಹೊಟ್ಟೆಯಿಲ್ಲ. ತಿಮಿಂಗಿಲವು ಅರಗಿಸಿದ ಆಹಾರವನ್ನು ಮೈಯಿಂದಲೇ ಹೀರಿಕೊಳ್ಳುತ್ತದೆ.

ನಿಘಂಟು ಇನ್ನೂ ದೊಡ್ಡದೊಂದು ಬಾಯಿಯನ್ನು ಹೊರಗೆ ಕಲ್ಪಿಸಿತು. ಪ್ರಕೃತಿಯು ಬಾಯಿಲ್ಲದ ಜೀವಿಯನ್ನು ಒಳಗೇ ಕೂರಿಸಿತು. ದೊಡ್ಡದು ಚಿಕ್ಕದನ್ನು ನುಂಗುವುದಕ್ಕೆ ಮತ್ಸ್ಯನ್ಯಾಯವೆಂದು ಹೆಸರಿಟ್ಟು ಅಂಜುವ ನಾವು, ರಾಜ್ಯವನ್ನಾಗಲಿ ಮನೆತನವನ್ನಾಗಲಿ ಒಳಗಿನಿಂದ ಉಣ್ಣುವ ಈ ನ್ಯಾಯಕ್ಕೆ ಏನೆಂದು ಹೆಸರಿಡೋಣ?