ಬಿಳಿನೊಣದ ಹಾವಳಿಯೂ ಸಾಬೂನಿನ ನೀರೂ

ತೆಂಗಿನ ಗರಿಗಳ ಕೆಳಮೈಯಲ್ಲಿ ಸುಣ್ಣ ಎರಚಿದಂತೆ ಬಿಳಿಯ ಸುರುಳಿಗಳು ಕಾಣಿಸಿಕೊಳ್ಳುವುದನ್ನೂ, ಕೆಲವು ವಾರಗಳಲ್ಲಿಯೇ ಮರದ ಕೆಳಗಿರುವ ಬಾಳೆ, ಸೀಬೆ, ದಾಸವಾಳ ಮೊದಲಾದ ಗಿಡಗಳ ಎಲೆಗಳು ಮಸಿ ಬಳಿದಂತೆ ಕಪ್ಪಾಗುವುದನ್ನೂ ಕರಾವಳಿಯಿಂದ ತುಮಕೂರು, ಮಂಡ್ಯ ಸೀಮೆಗಳವರೆಗಿನ ತೋಟಗಾರರು ಈಗ ಚೆನ್ನಾಗಿ ಬಲ್ಲರು. ಇದಕ್ಕೆ ಕಾರಣವಾದುದು ಸುರುಳಿ ಬಿಳಿನೊಣವೆಂಬ ಕೀಟ. ಹೆಸರಿನಲ್ಲಿ ನೊಣವೆಂದಿದ್ದರೂ ಇದು ನೊಣದ ಜಾತಿಗೆ ಸೇರಿದುದಲ್ಲ. ಸಸ್ಯಹೇನು, ಹಿಟ್ಟುತಿಗಣೆಗಳ ದಾಯಾದಿ. ಮೂತಿಯನ್ನು ಎಲೆಗೆ ಚುಚ್ಚಿ ರಸ ಹೀರುವುದೇ ಇದರ ಕಸುಬು.

ಈ ಕೀಟವು ನಮ್ಮ ನಾಡಿನದಲ್ಲ. ಅಮೆರಿಕಾ ಖಂಡದ ಉಷ್ಣಪ್ರದೇಶಗಳಿಂದ ಇಂತಹ ಎರಡು ಜಾತಿಗಳು ಇಲ್ಲಿಗೆ ಬಂದಿರುವುವು. ಮೊದಲನೆಯದು 1990ರ ದಶಕದಲ್ಲಿ ಕೇರಳದಲ್ಲಿ ಕಾಣಿಸಿಕೊಂಡು, ಬಳಿಕ ನಮ್ಮಲ್ಲಿಯೂ ಸೀಬೆ ಮೊದಲಾದ ಗಿಡಗಳಿಗೆ ಹತ್ತಿತು. ಎರಡನೆಯದು ರುಗೋಸ್ ಎಂಬ ವಿಶೇಷಣದಿಂದ ಕರೆಯಲ್ಪಡುವ ಜಾತಿ. ಮಧ್ಯ ಅಮೆರಿಕದ ಬೆಲೀಜ್ ದೇಶದ ಮಾದರಿಗಳಿಂದ ವಿಜ್ಞಾನಿಗಳು ಇದನ್ನು 2004ರಲ್ಲಿ ವರ್ಣಿಸಿದರು. 2009ರಲ್ಲಿ ಇದು ಫ್ಲಾರಿಡಾದಲ್ಲಿ ಕಾಣಿಸಿಕೊಂಡಿತು. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯ ತೆಂಗಿನ ತೋಟಗಳಲ್ಲಿ ಗೋಚರವಾಗಿ, ಬಹು ಬೇಗ ಕೇರಳ, ಕರ್ನಾಟಕ, ಆಂಧ್ರಗಳಿಗೆ ಹಬ್ಬಿತು. ಸಸಿಗಳನ್ನೂ ಗರಿಗಳನ್ನೂ ಪರೀಕ್ಷಿಸದೆ ಊರಿಂದೂರಿಗೆ ಸಾಗಿಸುವುದರಿಂದ ಇಂತಹ ಕೀಟಗಳಿಗೆ ಎಷ್ಟು ಉಪಕಾರವಾಗುವುದೆಂಬುದನ್ನು ವಿವರಿಸಬೇಕಾದುದಿಲ್ಲ.

ಹೆಣ್ಣು ಕೀಟವು ಎಲೆಯ ಕೆಳಮೈಯಲ್ಲಿ ಸುರುಳಿಯಾಗಿ ಮೊಟ್ಟೆಗಳನ್ನಿಟ್ಟು ಮೇಣದ ಹುಡಿಯಿಂದ ಮುಚ್ಚುವುದು. ಮೊಟ್ಟೆಯೊಡೆದು ಬಂದ ಮರಿಯು ಸ್ವಲ್ಪ ದೂರ ಹರಿದಾಡಿ, ತಕ್ಕ ಸ್ಥಳ ಸಿಕ್ಕಿದೊಡನೆ ಅಲ್ಲಿಯೇ ಅಂಟಿ ಕೂತುಬಿಡುವುದು. ಆಮೇಲೆ ರೆಕ್ಕೆ ಬರುವವರೆಗೆ ಕದಲುವುದಿಲ್ಲ. ಮರಿಗಳು ಹೀರಿದ ರಸದಲ್ಲಿ ಹೆಚ್ಚಾದ ಸಕ್ಕರೆಯು ಅಂಟಾದ ಸಿಹಿದ್ರವವಾಗಿ ಕೆಳಗಿನ ಎಲೆಗಳ ಮೇಲೆ ಬೀಳುವುದು. ಅದರ ಮೇಲೆ ಕಪ್ಪು ಬೂಷ್ಟು ಬೆಳೆದು ಎಲೆಗೆ ಬಿಸಿಲು ತಾಗದಂತೆ ಮಾಡುವುದು. ಈ ಕೀಟದಿಂದಲೇ ಬೆಳೆದ ಮರವು ಸಾಯುವುದು ಅಪರೂಪ. ಆದರೆ ನೋಟವು ಭಯಂಕರವಾಗಿರುವುದರಿಂದ ತೋಟಗಾರರು ಗಾಬರಿಗೊಳ್ಳುವರು. ನಿಜವಾದ ನಷ್ಟವು ಅನೇಕ ವೇಳೆ ಈ ಗಾಬರಿಯಿಂದಲೇ ಆರಂಭವಾಗುವುದು.

ಗಾಬರಿಗೊಂಡವರು ಅಂಗಡಿಯಲ್ಲಿ ದೊರೆಯುವ ಅತ್ಯಂತ ತೀಕ್ಷ್ಣವಾದ ವಿಷವನ್ನು ತಂದು ಸುರಿಯುವರು. ಮೇಣದ ಹೊದಿಕೆಯ ಕೆಳಗಿರುವ ಮರಿಗಳಲ್ಲಿ ಬಹುಪಾಲು ಬದುಕಿಕೊಳ್ಳುವುವು. ಅವುಗಳ ಶತ್ರುಗಳಾದ ಸಣ್ಣ ಕಣಜ, ಗುಲಗಂಜಿ ಹುಳು ಮುಂತಾದುವು ಸಾಯುವುವು. ತಿಂಗಳೊಳಗೆ ಬಿಳಿನೊಣವು ಮೊದಲಿಗಿಂತ ಹೆಚ್ಚಾಗಿ ಕಾಣಿಸಿಕೊಂಡರೆ, ವಿಷ ಸಾಲದಾಯಿತೆಂದು ಮತ್ತೊಮ್ಮೆ ಹೊಡೆಯುವರು. ಎರಡು ಸಲ ಹಣ ತೆತ್ತು ಕೀಟವನ್ನು ಸಾಕಿದಂತಾಯಿತು.

ರಾಸಾಯನಿಕ ವಿಷಗಳು ಬಳಕೆಗೆ ಬರುವುದಕ್ಕೆ ಮುಂಚೆ, ರಸ ಹೀರುವ ಕೀಟಗಳಿಗೆ ಸಾಬೂನಿನ ನೀರು, ಸೀಮೆಎಣ್ಣೆಯ ಮಿಶ್ರಣ, ಹೊಗೆಸೊಪ್ಪಿನ ಕಷಾಯಗಳನ್ನು ಉಪಯೋಗಿಸುತ್ತಿದ್ದರು. ಮೀನೆಣ್ಣೆ ಮತ್ತು ರಾಳದಿಂದ ಮಾಡಿದ ಸಾಬೂನು ಭಾರತದಲ್ಲಿ ಬಹುಕಾಲ ಪ್ರಚಾರದಲ್ಲಿದ್ದಿತು. ಎರಡನೆಯ ಮಹಾಯುದ್ಧದ ತರುವಾಯ ಬಂದ ವಿಷಗಳ ಸಂಭ್ರಮದಲ್ಲಿ ಇದು ಮೂಲೆಗೆ ಬಿದ್ದಿತು. ಈಗ ಪುನಃ ಹೊರಗೆ ಬಂದಿದೆ. ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಬೇವಿನ ಸಾಬೂನು, ಹೊಂಗೆಯ ಸಾಬೂನುಗಳನ್ನು ಸಿದ್ಧಪಡಿಸಿ, ತಯಾರಿಸುವ ಕ್ರಮವನ್ನು ಇತರರಿಗೂ ಕೊಟ್ಟಿರುವುದು.

ಸಾಬೂನು ಹೊಟ್ಟೆಗೆ ಸೇರಿ ಕೊಲ್ಲುವ ವಿಷವಲ್ಲ. ಅದು ಮೆತ್ತನೆಯ ಮೈಯ ಕೀಟವನ್ನು ತೋಯಿಸಿ, ಮೈಮೇಲಿನ ಮೇಣವನ್ನು ಕಳಚಿ, ಚರ್ಮದ ಕಣಗಳನ್ನು ಕೆಡಿಸುವುದು; ಕೀಟವು ಒಣಗಿ ಸಾಯುವುದು. ಇಷ್ಟೆಲ್ಲವೂ ದ್ರಾವಣವು ಹಸಿಯಾಗಿರುವವರೆಗೆ ಮಾತ್ರ. ಎಲೆ ಒಣಗಿದ ಮೇಲೆ ಬಂದು ಕೂತ ನೊಣಕ್ಕೆ ಏನೂ ಆಗದು. ಬಂದು ಕೂತ ಕಣಜಕ್ಕೂ ಏನೂ ಆಗದು. ಸಾಬೂನಿನ ಗುಣವೂ ದೋಷವೂ ಇದೊಂದೇ. ಇದನ್ನು ತಿಳಿದವರಿಗೆ ಉಪಯೋಗಿಸುವ ಕ್ರಮವು ತಾನಾಗಿಯೇ ಹೊಳೆಯುವುದು.

ನೀರಿನ ವಿಷಯವನ್ನು ಮೊದಲು ಹೇಳಬೇಕು; ಏಕೆಂದರೆ ಸಾಬೂನು ಕೆಲಸ ಮಾಡಲಿಲ್ಲವೆಂಬ ದೂರುಗಳಲ್ಲಿ ಹಲವಕ್ಕೆ ನೀರೇ ಕಾರಣ. ಬಯಲುಸೀಮೆಯ ಕೊಳವೆ ಬಾವಿಗಳ ನೀರು ಅನೇಕ ಕಡೆ ಗಡಸು. ಅದರಲ್ಲಿರುವ ಸುಣ್ಣದ ಅಂಶವು ಸಾಬೂನಿನೊಡನೆ ಸೇರಿ ಮೊಸರಿನಂತಹ ಗಷ್ಟಾಗುವುದು. ಸಾಬೂನಿನ ಶಕ್ತಿ ಅಲ್ಲಿಗೆ ಮುಗಿಯಿತು. ಒಂದು ಸೀಸೆಯಲ್ಲಿ ಅರ್ಧದಷ್ಟು ನೀರು ಹಾಕಿ, ಸ್ವಲ್ಪ ಸಾಬೂನು ಕರಗಿಸಿ ಚೆನ್ನಾಗಿ ಅಲ್ಲಾಡಿಸಿ ನೋಡತಕ್ಕದ್ದು. ನೊರೆ ನಿಂತರೆ ನೀರು ಯೋಗ್ಯ. ನೊರೆಯಿಲ್ಲದೆ ಬಿಳಿಯ ಕೆನೆ ಕಟ್ಟಿದರೆ ಮಳೆಯ ನೀರನ್ನೋ ಕೆರೆಯ ನೀರನ್ನೋ ತರಬೇಕು. ಇದೇ ಕಾರಣದಿಂದ, ಸುಣ್ಣ ಸೇರಿದ ಬೋರ್ಡೋ ದ್ರಾವಣದೊಡನೆ ಸಾಬೂನನ್ನು ಎಂದಿಗೂ ಬೆರಸಕೂಡದು. ಅಡಕೆಗೆ ಹೊಡೆದು ಉಳಿದ ದ್ರಾವಣದಲ್ಲಿಯೇ ಸಾಬೂನನ್ನೂ ಕಲಸಿ ಒಂದೇ ಆಳಿನಲ್ಲಿ ಎರಡು ಕೆಲಸ ತೀರಿಸುವೆನೆಂಬ ಮಿತವ್ಯಯ ಇಲ್ಲಿ ಸಲ್ಲದು.

ಬೇವಿನ ಅಥವಾ ಹೊಂಗೆಯ ಸಾಬೂನಾದರೆ ಲೀಟರು ನೀರಿಗೆ ಸುಮಾರು 10 ಗ್ರಾಮಿನಷ್ಟನ್ನು ತುರಿದು, ಮೊದಲು ಕೊಂಚ ನೀರಿನಲ್ಲಿ ಪೂರ್ಣವಾಗಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಉಳಿದ ನೀರನ್ನು ಸೇರಿಸತಕ್ಕದ್ದು. ದ್ರವರೂಪದಲ್ಲಿ ಮಾರುವ ಪೊಟ್ಯಾಷ್ ಸಾಬೂನನ್ನು ಸಾಮಾನ್ಯವಾಗಿ ಲೀಟರಿಗೆ 10ರಿಂದ 20 ಮಿಲಿಲೀಟರಿನಂತೆ ಬೆರಸುವರು. ಡಬ್ಬಿಯ ಮೇಲೆ ಬರೆದಿರುವ ಪ್ರಮಾಣವನ್ನೇ ಅನುಸರಿಸುವುದು ಕ್ಷೇಮ. ಬಟ್ಟೆ ಒಗೆಯುವ ಪುಡಿ ಸಾಬೂನಲ್ಲ; ಅದು ಎಲೆಯ ಮೇಲಿನ ಮೇಣವನ್ನೂ ತೊಳೆದು ಎಲೆಯನ್ನೇ ಸುಡುವುದುಂಟು. ಬೇವಿನೆಣ್ಣೆಯನ್ನು ಉಪಯೋಗಿಸಬೇಕೆನ್ನುವವರು ಲೀಟರಿಗೆ 5 ಮಿಲಿಲೀಟರು ಎಣ್ಣೆಯನ್ನು ಸಾಬೂನಿನ ಗಟ್ಟಿ ನೀರಿನಲ್ಲಿ ಹಾಲಿನಂತಾಗುವವರೆಗೆ ಕದಡಿ, ಬಳಿಕ ತಿಳಿಮಾಡಬೇಕು. ಹಿಪ್ಪುನೇರಳೆಯ ತೋಟಗಳಿಗೆ ಮಾತ್ರ ಬೇವಿನ ಯಾವ ಪದಾರ್ಥವನ್ನೂ ಸೋಕಿಸಕೂಡದು. ರೇಷ್ಮೆಹುಳುವಿಗೂ ಬೇವಿಗೂ ಆಗದು.

ಸಿಂಪಡಿಸುವವನು ನಳಿಗೆಯನ್ನು ಕೆಳಗಿನಿಂದ ಮೇಲಕ್ಕೆ ಹಿಡಿದು, ಎಲೆಯ ಕೆಳಮೈ ತೊಟ್ಟಿಕ್ಕುವಂತೆ ತೋಯಿಸಬೇಕು. ಮೇಲಿನಿಂದ ಹೊಡೆದ ದ್ರಾವಣವು ಎಲೆಯನ್ನು ತೊಳೆದೀತೇ ಹೊರತು ಕೀಟವನ್ನು ಮುಟ್ಟದು. ಮುಂಜಾನೆ ಅಥವಾ ಇಳಿಹೊತ್ತು ಯೋಗ್ಯ ಕಾಲ. ಉರಿಬಿಸಿಲಿನಲ್ಲಿ ಹೊಡೆದರೆ ದ್ರಾವಣವು ಕೆಲಸ ಮಾಡುವುದಕ್ಕೆ ಮುಂಚೆಯೇ ಒಣಗುವುದಲ್ಲದೆ, ಎಲೆಯ ಅಂಚು ಕರಗುವ ಭಯವೂ ಉಂಟು. ನೀರಿಲ್ಲದೆ ಬಾಡಿದ ಗಿಡಕ್ಕೂ ಹೊಡೆಯಕೂಡದು. ಹೊಸ ಜಾತಿಯ ಗಿಡವಾದರೆ ಒಂದೆರಡು ಕೊಂಬೆಗಳಿಗೆ ಮಾತ್ರ ಹಾಕಿ, ಎರಡು ದಿನ ಕಾದು ನೋಡುವುದು ಒಳ್ಳೆಯದು. ಮೊಟ್ಟೆಗಳೂ ಬಲಿತ ಕೋಶಗಳೂ ಸಾಬೂನಿಗೆ ಬಗ್ಗುವುದಿಲ್ಲ; ಆದುದರಿಂದ ಒಂದು ಸಲ ಹೊಡೆದು ಕೈಬಿಟ್ಟರೆ ಪ್ರಯೋಜನ ಕಡಮೆ. ಐದರಿಂದ ಏಳು ದಿನಗಳ ಅಂತರದಲ್ಲಿ ಎರಡು ಮೂರು ಸಲ ಹೊಡೆದರೆ, ಆಗಾಗ್ಗೆ ಹೊರಟ ಎಳೆಯ ಮರಿಗಳು ಸಿಕ್ಕಿಬೀಳುವುವು. ಕೆಲಸ ಮುಗಿದ ಮೇಲೆ ಪಂಪನ್ನು ಕೆರೆ ಕಟ್ಟೆಗಳಲ್ಲಿ ತೊಳೆಯಬಾರದು. ಜಲಜಂತುಗಳಿಗೆ ಸಾಬೂನು ಕೆಡುಕು.

ಇಷ್ಟು ಹೇಳಿದುದೆಲ್ಲ ಕೈಗೆಟಕುವ ಗಿಡಗಳಿಗೆ: ಸೀಬೆ, ನಿಂಬೆ, ದಾಸವಾಳ, ತೆಂಗಿನ ಸಸಿ ಮುಂತಾದುವಕ್ಕೆ. ಐವತ್ತು ಅಡಿ ಎತ್ತರದ ತೆಂಗನ್ನು ಸಾಬೂನಿನಿಂದ ತೊಳೆಯುವೆನೆಂದು ಹೊರಡುವುದು ಆಳಿನ ಕೂಲಿಯನ್ನು ಗಾಳಿಗೆ ತೂರಿದಂತೆ. ಅಂತಹ ಮರಗಳಿಗೆ ಪ್ರಕೃತಿಯೇ ವೈದ್ಯನನ್ನು ಒದಗಿಸಿದೆ. ಎನ್ಕಾರ್ಸಿಯ ಗ್ವಾಡಲೂಪೆ ಎಂಬ, ಕಣ್ಣಿಗೆ ಕಾಣುವುದೇ ಕಷ್ಟವಾದ ಕಣಜವು ಬಿಳಿನೊಣದ ಮರಿಯೊಳಗೆ ಮೊಟ್ಟೆಯಿಟ್ಟು ಅದನ್ನು ಒಳಗಿನಿಂದಲೇ ತಿಂದುಹಾಕುವುದು. ವಿಷ ಹೊಡೆಯದ ತೋಟಗಳಲ್ಲಿ ಶೇಕಡ 60ಕ್ಕೂ ಹೆಚ್ಚು ಮರಿಗಳು ಇದಕ್ಕೆ ತುತ್ತಾಗಿರುವುದು ಕಂಡುಬಂದಿದೆ. ಕಪ್ಪು ಬೂಷ್ಟನ್ನು ಮೇಯುವ ಒಂದು ಜಾತಿಯ ದುಂಬಿಯೂ ಕೇರಳದ ತೆಂಗಿನ ತೋಟಗಳಲ್ಲಿ ಕಂಡುಬಂದಿರುವುದು. ಮಳೆಗಾಲ ಹಿಡಿದ ಮೇಲೆ ಕೀಟವು ತಾನಾಗಿ ತಗ್ಗುವುದೂ ಉಂಟು. ಹಾವಳಿಯು ವಿಶೇಷವಾಗಿ ಒಣ ತಿಂಗಳುಗಳದು.

ಗ್ರಾಮದ ಮುಖಂಡರೂ ದೊಡ್ಡ ಹಿಡುವಳಿದಾರರೂ ಮನಸ್ಸಿಡಬೇಕಾದುದು ಇಲ್ಲಿ. ನೊಣಕ್ಕೂ ಕಣಜಕ್ಕೂ ಬೇಲಿಯಿಲ್ಲ. ಒಬ್ಬನು ಸಾಬೂನು ಹೊಡೆದು ಕಣಜವನ್ನು ಕಾಪಾಡಿಕೊಂಡರೂ ಪಕ್ಕದವನು ವಿಷ ಸುರಿದರೆ ಇಬ್ಬರ ತೋಟಗಳೂ ಕೆಡುವುವು. ಆದುದರಿಂದ ಒಂದು ಬಯಲಿನ ತೋಟಗಾರರೆಲ್ಲ ಕೂಡಿ ಮಾತಾಡಿಕೊಂಡು, ಒಂದೇ ವಾರದಲ್ಲಿ ಗಿಡಗಳಿಗೆ ಸಾಬೂನು ಹೊಡೆಯುವುದೂ ಎತ್ತರದ ಮರಗಳಿಗೆ ವಿಷ ಹೊಡೆಯದಿರುವುದೂ ಅವಶ್ಯ. ಹಳದಿಯ ಹಲಗೆಗಳಿಗೆ ಹರಳೆಣ್ಣೆ ಸವರಿ ಮರಗಳ ನಡುವೆ ತೂಗಹಾಕಿದರೆ ರೆಕ್ಕೆ ಬಂದ ನೊಣಗಳಲ್ಲಿ ಒಂದು ಪಾಲು ಅದಕ್ಕೆ ಅಂಟಿಕೊಳ್ಳುವುವು.

ಕಣಜವಿದೆಯೋ ಇಲ್ಲವೋ ಎಂಬುದನ್ನು ಯಾರಾದರೂ ಗುರುತಿಸಬಹುದು. ಕೆಳಗಿನ ಗರಿಯೊಂದನ್ನು ಕೊಯ್ದು ಬೂದುಗಾಜಿನಿಂದ ನೋಡಿದರೆ, ಕಣಜ ಹೊರಟುಹೋದ ಕೋಶದಲ್ಲಿ ಗುಂಡಗಿನ ರಂಧ್ರವೂ, ನೊಣ ಹೊರಟ ಕೋಶದಲ್ಲಿ ಸೀಳಿದಂತಹ ಬಿರುಕೂ ಕಾಣುವುವು. ಗುಂಡು ರಂಧ್ರಗಳು ಹೇರಳವಾಗಿದ್ದರೆ ಆ ತೋಟವನ್ನು ಮುಟ್ಟದೆ ಬಿಡತಕ್ಕದ್ದು. ಅಂತಹ ತೋಟದಿಂದ, ಕಣಜ ಹಿಡಿದು ಬಣ್ಣಗೆಟ್ಟ, ಇನ್ನೂ ರಂಧ್ರ ಬೀಳದ ಮರಿಗಳುಳ್ಳ ಎಲೆತುಂಡುಗಳನ್ನು ಆರಿಸಿ, ಹೊಸದಾಗಿ ಹಾವಳಿ ತಗುಲಿದ ತೋಟದ ಮರಗಳಿಗೆ ಕಟ್ಟಬಹುದು. ಕಟ್ಟಿದ ಮರದ ಸುತ್ತಲಿನ ಗಿಡಗಳಿಗೆ ಆ ಕೆಲವು ದಿನ ಸಾಬೂನನ್ನೂ ಹೊಡೆಯದಿರುವುದು ಲೇಸು.