ಆನ್‌ಲೈನ್ ಆಟ: ಹಿಡಿದಿಡುವುದು ಪರದೆಯಲ್ಲ, ಜೊತೆಗಾರರು

ಕೊಪ್ಪಳ: ಊಟಕ್ಕೆ ಕರೆದರೂ ಮೊಬೈಲ್ ಕೆಳಗಿಡದ ಹುಡುಗ ‘ಈಗ ಎದ್ದರೆ ನಮ್ಮ ತಂಡ ಸೋಲುತ್ತದೆ’ ಎನ್ನುತ್ತಾನೆ. ಬೆಂಗಳೂರಿನ ಮನೆಗಳಿಗಷ್ಟೇ ಸೀಮಿತವಾಗಿದ್ದ ಈ ಮಾತು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಮನೆಗಳಿಗೂ ಬಂದಿದೆ. ಹೆತ್ತವರಿಗೆ ಇದೊಂದು ನೆಪವಾಗಿ ಕಾಣುತ್ತದೆ. ಆದರೆ ಆಟಗಾರರು ಆನ್‌ಲೈನ್ ಆಟಗಳಲ್ಲಿ ಏಕೆ ಉಳಿಯುತ್ತಾರೆ, ಏಕೆ ಬಿಟ್ಟುಹೋಗುತ್ತಾರೆ ಎಂಬ ಪ್ರಶ್ನೆಗೆ ಉತ್ತರದ ಬಹುಭಾಗ ಆ ಮಾತಿನಲ್ಲೇ ಅಡಗಿದೆ.

ಈ ಪ್ರಶ್ನೆಯನ್ನು ಸಂಶೋಧಕರು ಹೆಚ್ಚಾಗಿ ಕೇಳಿದ್ದು ‘ರೋಲ್ ಪ್ಲೇಯಿಂಗ್’ ಎಂಬ ಬಗೆಯ, ಅಂದರೆ ಪಾತ್ರ ಧರಿಸಿ ಆಡುವ ಆಟಗಳ ಕುರಿತು. ಆಟಗಾರ ಯೋಧನೋ ಮಾಂತ್ರಿಕನೋ ಗಾಯ ಮಾಯಿಸುವ ವೈದ್ಯನೋ ಆಗಿ, ಸಾವಿರಾರು ಜನ ಏಕಕಾಲಕ್ಕೆ ನೆಲೆಸುವ ಒಂದು ಕಲ್ಪಿತ ಲೋಕವನ್ನು ಪ್ರವೇಶಿಸುತ್ತಾನೆ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ರಾಯ್ ಟ್ರಬ್‌ಷಾ ಮತ್ತು ರಿಚರ್ಡ್ ಬಾರ್ಟಲ್ ಬರೀ ಅಕ್ಷರಗಳಿಂದ ರೂಪಿಸಿದ ‘ಮಡ್’ ಇವುಗಳ ಪೂರ್ವಜ. 2004ರಲ್ಲಿ ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ 2010ರ ವೇಳೆಗೆ 1.2 ಕೋಟಿ ಚಂದಾದಾರರನ್ನು ಪಡೆದಿತ್ತು.

ದೊಡ್ಡಾಟದ ನಾಡಿಗೆ ಹೊಸದಲ್ಲ

ಪಾತ್ರ ಧರಿಸುವುದು ಕೊಪ್ಪಳ ಸೀಮೆಗೆ ಹೊಸದೇನೂ ಅಲ್ಲ. ಉತ್ತರ ಕರ್ನಾಟಕದ ದೊಡ್ಡಾಟದಲ್ಲಿ ಹಗಲು ಹೊಲದಲ್ಲಿ ದುಡಿದವನು ರಾತ್ರಿ ಕಿರೀಟ, ಭುಜಕೀರ್ತಿ ಧರಿಸಿ ಅರ್ಜುನನಾಗುತ್ತಾನೆ. ಒಂದು ರಾತ್ರಿಯ ಆಟಕ್ಕೆ ವಾರಗಟ್ಟಲೆ ತಾಲೀಮು ನಡೆಯುತ್ತದೆ. ತಾಲೀಮಿಗೆ ಅವನನ್ನು ಪ್ರತಿರಾತ್ರಿ ಕರೆತರುವುದು ಕಿರೀಟದ ಆಸೆಯೊಂದೇ ಅಲ್ಲ. ಅರ್ಜುನ ಬಾರದಿದ್ದರೆ ಕೃಷ್ಣನ ಮಾತು ಯಾರಿಗೆ? ಮಾಸ್ತರರು, ಹಿಮ್ಮೇಳದವರು, ಎದುರು ಪಾತ್ರಧಾರಿ ಎಲ್ಲರೂ ಅವನಿಗಾಗಿ ಕಾದಿರುತ್ತಾರೆ. ಆನ್‌ಲೈನ್ ಲೋಕದ ಬಂಧವೂ ಬಹುಮಟ್ಟಿಗೆ ಇಂಥದ್ದೇ.

1996ರಲ್ಲಿ ಬಾರ್ಟಲ್ ಆಟಗಾರರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಸಾಧನೆ ಬಯಸುವವರು, ಲೋಕವನ್ನು ಅನ್ವೇಷಿಸುವವರು, ಜನರೊಡನೆ ಬೆರೆಯುವವರು ಮತ್ತು ಇತರರನ್ನು ಮಣಿಸಿ ಸಂತೋಷಪಡುವವರು. ಅಮೆರಿಕದ ಸಂಶೋಧಕ ನಿಕ್ ಯೀ 2006ರಲ್ಲಿ ಸುಮಾರು ಮೂರು ಸಾವಿರ ಆಟಗಾರರ ಉತ್ತರಗಳನ್ನು ಪರಿಶೀಲಿಸಿ, ಸಾಧನೆ, ಸಾಂಗತ್ಯ ಮತ್ತು ತಲ್ಲೀನತೆ ಎಂಬ ಮೂರು ಪ್ರೇರಣೆಗಳನ್ನು ಗುರುತಿಸಿದರು. ಒಬ್ಬನಲ್ಲಿ ಈ ಮೂರೂ ಬೇರೆಬೇರೆ ಪ್ರಮಾಣದಲ್ಲಿ ಇರಬಹುದು ಎಂಬುದು ಅವರ ಅಧ್ಯಯನದ ಮುಖ್ಯಾಂಶ.

ನಲವತ್ತು ಜನರ ಒಂದು ಹೊತ್ತು

‘ವಾರ್‌ಕ್ರಾಫ್ಟ್’ನ ಆರಂಭದ ವರ್ಷಗಳಲ್ಲಿ ದೊಡ್ಡ ದಾಳಿಗಳಿಗೆ ನಲವತ್ತು ಆಟಗಾರರ ತಂಡ ಬೇಕಾಗುತ್ತಿತ್ತು. ನಲವತ್ತು ಮಂದಿ ಒಂದೇ ಹೊತ್ತಿಗೆ, ಗಂಟೆಗಟ್ಟಲೆ ಕೂರಬೇಕು. ವೈದ್ಯನ ಪಾತ್ರದವನು ಎದ್ದರೆ ಉಳಿದವರ ಶ್ರಮ ನೀರಪಾಲು. ಈ ಹೊಣೆಯೇ ಹಲವರನ್ನು ಉಳಿಸಿತು. ಇದೇ ಹೊರೆಯಾಗಿ ಹಲವರನ್ನು ಹೊರಗಟ್ಟಿತು. 2007ರಲ್ಲಿ ಕಂಪನಿಯು ಹೊಸ ದಾಳಿಗಳ ಮಿತಿಯನ್ನು 25 ಮತ್ತು 10ಕ್ಕೆ ಇಳಿಸಿತು.

ಬಿಡುವವರ ಕಾರಣಗಳು ಸಾಮಾನ್ಯವಾಗಿ ಸರಳ. ಪರೀಕ್ಷೆ, ನೌಕರಿ, ಮದುವೆಗಳಿಂದ ಹೊತ್ತು ಹೊಂದದಾಗುತ್ತದೆ. ಆಟದ ಕೊನೆಯ ಹಂತ ಮುಟ್ಟಿದ ಮೇಲೆ ಅದೇ ಕೆಲಸ ಮರುಕಳಿಸಿ ಬೇಸರ ಹುಟ್ಟುತ್ತದೆ. ಗಳಿಕೆಯ ಹಂಚಿಕೆಯಲ್ಲಿ ಜಗಳವಾಗುತ್ತದೆ. ತಂಡದ ಮುಖಂಡ ಹೋದರೆ ಹಿಂದೆಯೇ ಹತ್ತು ಜನ ಹೋಗುತ್ತಾರೆ. ಹುಡುಗರು ದುಡಿಮೆಗೆಂದು ಬೆಂಗಳೂರು, ಗೋವಾ ಸೇರಿದ ಊರಿನಲ್ಲಿ ದೊಡ್ಡಾಟದ ತಾಲೀಮು ನಿಲ್ಲುವುದೂ ಹೀಗೆಯೇ: ಕಥೆ ಹಳತಾಗಿದ್ದಕ್ಕಲ್ಲ, ಪಾತ್ರಧಾರಿಗಳು ಒಟ್ಟು ಸೇರಲಾಗದ್ದಕ್ಕೆ.

ಆಟಕ್ಕಿಂತ ಜನ ದೊಡ್ಡವರೆಂಬುದಕ್ಕೆ ‘ಉರು’ ಆಟದ ನಿದರ್ಶನವಿದೆ. 2004ರ ಫೆಬ್ರುವರಿಯಲ್ಲಿ ಅದರ ಆನ್‌ಲೈನ್ ಲೋಕ ಮುಚ್ಚಿತು. ಆಟಗಾರರಲ್ಲಿ ಅನೇಕರು ಗುಂಪಾಗಿ ‘ದೇರ್’, ‘ಸೆಕೆಂಡ್ ಲೈಫ್’ ಎಂಬ ಬೇರೆ ಲೋಕಗಳಿಗೆ ವಲಸೆ ಹೋಗಿ, ಅಲ್ಲಿ ತಮ್ಮ ಹಳೆಯ ಊರನ್ನು ನೆನಪಿಸುವ ಕಟ್ಟಡಗಳನ್ನು ಕಟ್ಟಿಕೊಂಡರು.

ಮೊಬೈಲ್ ಬಂದ ಮೇಲೆ

ಕಂಪ್ಯೂಟರ್ ಮತ್ತು ಮಾಸಿಕ ಚಂದಾ ಬೇಡುವ ಆಟಗಳು ಭಾರತದ ಸಣ್ಣ ಪಟ್ಟಣಗಳಿಗೆ ದೂರವೇ ಉಳಿದಿದ್ದವು. 2016ರಿಂದ ಮೊಬೈಲ್ ಡೇಟಾ ಅಗ್ಗವಾದ ಮೇಲೆ ಚಿತ್ರ ಬದಲಾಯಿತು. 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ ಪಬ್‌ಜಿ ಮೊಬೈಲ್ ಆಗಲಿ, 2021ರಲ್ಲಿ ಅದರ ಸ್ಥಾನಕ್ಕೆ ಬಂದ ಬಿಜಿಎಂಐ ಆಗಲಿ ಕಟ್ಟುನಿಟ್ಟಾದ ಅರ್ಥದಲ್ಲಿ ಪಾತ್ರಧಾರಿ ಆಟಗಳಲ್ಲ. ಆದರೂ ನಾಲ್ವರ ತಂಡ, ಪರಸ್ಪರ ಮಾತು, ಏರುವ ಶ್ರೇಣಿ ಇವೆಲ್ಲ ಅದೇ ಕುಲದವು.

ಜೊತೆಗೆ ಕಂಪನಿಗಳು ಹೂಡುವ ಗಾಳಗಳಿವೆ. ಪ್ರತಿದಿನ ಬಂದವರಿಗೆ ಬಹುಮಾನ, ಒಂದು ದಿನ ತಪ್ಪಿದರೆ ನಷ್ಟ, ಹಣ ತೆತ್ತು ತೆರೆಯುವ ಅದೃಷ್ಟದ ಪೆಟ್ಟಿಗೆ. ಇಂಥ ಕೆಲವು ಪೆಟ್ಟಿಗೆಗಳನ್ನು ಬೆಲ್ಜಿಯಂ 2018ರಲ್ಲೇ ಜೂಜೆಂದು ಪರಿಗಣಿಸಿತು. ಗೆಳೆಯರಿಗಾಗಿ ಉಳಿಯುವುದಕ್ಕೂ, ನಷ್ಟದ ಭಯದಿಂದ ಬಿಡಲಾಗದಿರುವುದಕ್ಕೂ ಇರುವ ಅಂತರವನ್ನು ಮನೆಯವರು ಅರಿಯಬೇಕಾಗಿದೆ. ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು ನಿಷೇಧಿಸುತ್ತದೆ; ಇ-ಸ್ಪೋರ್ಟ್ಸ್ ಮತ್ತು ಮನರಂಜನೆಯ ಆಟಗಳನ್ನು ಬೇರೆಯಾಗಿಯೇ ಕಾಣುತ್ತದೆ.

ಎಚ್ಚರಿಕೆಯ ಗೆರೆ

ಹೆಚ್ಚು ಆಡುವುದೆಲ್ಲ ರೋಗವಲ್ಲ. 2022ರ ಜನವರಿಯಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ‘ಗೇಮಿಂಗ್ ಡಿಸಾರ್ಡರ್’ ಸೇರಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಅದೇ ಮುಖ್ಯವಾಗುವುದು, ಹಾನಿ ಕಂಡರೂ ಮುಂದುವರಿಯುವುದು ಅದರ ಲಕ್ಷಣಗಳು. ಇವು ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಕಂಡಿರಬೇಕು. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ತಂತ್ರಜ್ಞಾನದ ಅತಿಬಳಕೆಗೆಂದೇ ‘ಶಟ್’ ಚಿಕಿತ್ಸಾಲಯ ಆರಂಭಿಸಿತು. ಅಷ್ಟು ದೂರ ಹೋಗಲಾಗದವರು 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಆ ಗೆರೆ ದಾಟದವರ ಮಟ್ಟಿಗೆ ಮೊಬೈಲ್ ಕಸಿದುಕೊಳ್ಳುವುದೆಂದರೆ ಆಟದ ಜೊತೆಗೆ ಗೆಳೆತನವನ್ನೂ ಕಸಿದುಕೊಂಡಂತೆ. ‘ಎಷ್ಟು ಹೊತ್ತು ಆಡಿದೆ?’ ಎಂಬ ಪ್ರಶ್ನೆಗೆ ಮೊದಲು ‘ಯಾರ ಜೊತೆ ಆಡುತ್ತೀ?’ ಎಂದು ಕೇಳುವುದು ಲೇಸು. ಎದುರಿಗಿರುವವರು ಸಹಪಾಠಿಗಳೋ, ಅಪರಿಚಿತರೋ, ಕಾಸು ಕೇಳುವ ಯಂತ್ರವೋ ಎಂಬುದು ಆಗ ತಿಳಿಯುತ್ತದೆ. ಬಿಡಿಸಬೇಕಾದರೆ, ಸಂಜೆ ಆ ಹುಡುಗನಿಗಾಗಿ ಕಾಯುವ ಬೇರೊಂದು ತಂಡ ಊರಿನಲ್ಲಿರಬೇಕು. ಅದು ಮೈದಾನದ ಕಬಡ್ಡಿ ತಂಡವಾದೀತು, ದೊಡ್ಡಾಟದ ತಾಲೀಮೂ ಆದೀತು.